ಗುಜರಿ ಅಂಗಡಿಯಲ್ಲೊಂದು ಧರ್ಮಸಂಕಟ

ಗುಜರಾತಿಗೆ ಬಂದು ನೆಲಸಿದ ಕನ್ನಡಿಗರಿಗೆ ಇಲ್ಲಿಯ ಮಾತಿನಲ್ಲಿ ತಟ್ಟನೆ ಗುರುತು ಸಿಗುವ ಪದಗಳಲ್ಲಿ 'ಗುಜರಿ'ಯೂ ಒಂದು. ನಮ್ಮೂರ ಕಡೆ ಹಳೆಯ ಕಬ್ಬಿಣ, ಮುರಿದ ಸೈಕಲ್ಲು, ರದ್ದಿ ಕಾಗದ ಎಲ್ಲವೂ ಗುಜರಿಯೇ. ಅಹಮದಾಬಾದಿನಲ್ಲಿ ಸಾಬರಮತಿಯ ದಡದಲ್ಲಿ ಭಾನುವಾರ ಕೂಡುವ ಸಂತೆಗೂ ಅದೇ ಹೆಸರು. ಸುಲ್ತಾನ ಅಹಮದ್ ಷಾ 1414ರಲ್ಲಿ ಆರಂಭಿಸಿದನೆಂದು ಹೇಳುವ ಆ ಸಂತೆ ಇಂದಿಗೂ ನಡೆಯುತ್ತಿದೆ. ಒಬ್ಬನಿಗೆ ಬೇಡವಾದದ್ದು ಇನ್ನೊಬ್ಬನಿಗೆ ಬೇಕಾಗುತ್ತದೆ. ಗುಜರಿಯ ತತ್ತ್ವ ಇಷ್ಟೇ. ಆದರೆ 'ಬೇಡ' ಎನ್ನುವವನಿಗೆ ತನ್ನ ಕೈಯಲ್ಲಿರುವುದೇನು ಎಂಬುದೇ ತಿಳಿಯದಿದ್ದರೆ? ಈ ಪ್ರಶ್ನೆ ನಮ್ಮನ್ನು ಹಲವು ವರ್ಷ ಕಾಡಿದೆ. ಅದನ್ನು ಓದುಗರ ಮುಂದಿಡುವುದಕ್ಕಾಗಿಯೇ ಈ ಬರಹ.

ಸೂರತ್ತಿನಲ್ಲಿ ತಾಪಿ ನದಿಯಾಚೆ ಇರುವ ಅಡಾಜಣದಲ್ಲಿ ನಾವು ನಾಲ್ಕೈದು ಕನ್ನಡ ಮನೆಗಳವರು ಹತ್ತಿರ ಹತ್ತಿರದಲ್ಲೇ ಇದ್ದೇವೆ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ಊರಿಗೆ ನುಗ್ಗಿದಾಗ ಅಡಾಜಣ, ರಾಂದೇರ್ ಎರಡೂ ಮುಳುಗಿದ್ದವು. ನೀರು ಇಳಿದ ಮೇಲೆ ಬೀದಿ ಬೀದಿಯಲ್ಲೂ ಕೆಸರು ಮೆತ್ತಿದ ಕಾರುಗಳು, ಸ್ಕೂಟರುಗಳು ಸಾಲಾಗಿ ನಿಂತಿದ್ದವು. ರಿಪೇರಿಯಾಗದವೆಲ್ಲ ಹಜೀರಾ ಕಡೆಗೆ ಹೋಗುವ ದಾರಿಯ ಗುಜರಿ ಅಂಗಳಗಳನ್ನು ಸೇರಿದವು. ನಮ್ಮ ಗುಂಪಿನಲ್ಲಿ ಹಳೆಯ ವಾಹನಗಳ ಹುಚ್ಚು ಹತ್ತಿಸಿಕೊಂಡ ಮಿತ್ರರೊಬ್ಬರಿದ್ದಾರೆ. ಮರುವರ್ಷದ ಒಂದು ಭಾನುವಾರ ಅವರ ಹಿಂದೆ ನಾವೂ ಅಂಥದೊಂದು ಅಂಗಳಕ್ಕೆ ಹೋದೆವು.

ಅಂಗಡಿಯ ಯಜಮಾನರನ್ನು ಎಲ್ಲರೂ 'ಕಾಕಾ' ಎನ್ನುತ್ತಿದ್ದರು. ಉತ್ತರ ಕರ್ನಾಟಕದ ನಮ್ಮವರು ಚಿಕ್ಕಪ್ಪನನ್ನು ಕರೆಯುವ ಅದೇ ಕಾಕಾ. ಬಾಗಿಲುಗಳದೊಂದು ಗುಡ್ಡೆ, ಗೇರ್ ಪೆಟ್ಟಿಗೆಗಳದೊಂದು ಗುಡ್ಡೆ, ಮೂಲೆಯಲ್ಲಿ ತಕ್ಕಡಿ. ರಾಂದೇರಿನ ಯಾವುದೋ ಹಳೆಯ ಮನೆಯ ಷೆಡ್ಡನ್ನು ತೊಳೆದಾಗ ಹೊರಬಿದ್ದ ಇಂಜಿನ್ನೊಂದು ಮೂಲೆಯಲ್ಲಿ ಒರಗಿತ್ತು. ಉದ್ದನೆಯ ಬೀಡು ಕಬ್ಬಿಣದ ಮೈ, ಮೇಲೆ ಹಲಗೆಯಂತೆ ಚಪ್ಪಟೆಯಾದ ತಲೆ, ಒಂದೇ ಸಾಲಿನಲ್ಲಿ ಆರು ಪ್ಲಗ್ಗಿನ ತೂತುಗಳು. ಮಿತ್ರರು ಬಗ್ಗಿ, ಎಡಬದಿಯ ಕೆಸರನ್ನು ಹೆಬ್ಬೆರಳಿನಿಂದ ತಿಕ್ಕಿದರು. 'ಪಿ 15' ಎಂದು ಆರಂಭವಾಗುವ ಸಂಖ್ಯೆ ಕಾಣಿಸಿತು. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತಯಾರಿಸಿದ ಪ್ಲಿಮತ್ ಕಾರಿನ ಗುರುತು ಅದು. ಅವರ ಪರಿಚಯದವರೊಬ್ಬರ ಬಳಿ ಅದೇ ಕಾಲದ ಪ್ಲಿಮತ್ ಇತ್ತು, ಇಂಜಿನ್ ಮಾತ್ರ ಇರಲಿಲ್ಲ.

ಅಂಥ ಇಂಜಿನ್ನುಗಳು ಏಕೆ ಸಿಗುವುದಿಲ್ಲ ಎಂಬುದಕ್ಕೆ ಕಾರಣವಿದೆ. ಅಮೆರಿಕದ ದೊಡ್ಡ ಕಾರುಗಳು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿದ್ದವು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಎಷ್ಟೋ ಜನ ಮೂಲ ಇಂಜಿನ್ನನ್ನು ಕಿತ್ತು ಹಾಕಿ ಡೀಸೆಲ್ ಇಂಜಿನ್ ಕೂಡಿಸಿಕೊಂಡರು. ಮೈ ಉಳಿಯಿತು, ಹೃದಯ ಗುಜರಿಗೆ ಹೋಯಿತು.

ಕನ್ನಡಿಗರಾದ ನಮಗೆ ಆ ಕಬ್ಬಿಣದಲ್ಲಿ ಇನ್ನೊಂದು ನಂಟೂ ಕಂಡಿತು. ನಮ್ಮ ದೇಶದಲ್ಲೇ ಮೋಟಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿ ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ಅದನ್ನು ಕೈಗೆತ್ತಿಕೊಂಡವರು ಸೊಲ್ಲಾಪುರದ ಗುಜರಾತಿ ಮನೆತನದ ವಾಲಚಂದ್ ಹೀರಾಚಂದರು. 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಅಡಿಪಾಯ ಹಾಕಿದವರೂ ಅವರೇ. ಬ್ರಿಟಿಷ್ ಸರ್ಕಾರದ ಉಪೇಕ್ಷೆಯಿಂದ ಮೋಟಾರಿನ ಕನಸು ತಡವಾಯಿತು. ಕೊನೆಗೆ ಕ್ರೈಸ್ಲರ್ ಕಂಪನಿಯ ಸಹಯೋಗದಿಂದ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಾರ್ಖಾನೆ ಎದ್ದು, ಡಾಡ್ಜ್, ಪ್ಲಿಮತ್ ವಾಹನಗಳು ಅಲ್ಲಿ ಜೋಡಣೆಯಾದವು. ಮೂಲೆಯಲ್ಲಿ ಒರಗಿದ್ದ ಇಂಜಿನ್ ಕುರ್ಲಾದಲ್ಲಿ ಕೂಡಿಸಿದ್ದೋ, ಹಡಗಿನಲ್ಲಿ ಇಳಿದದ್ದೋ, ಅಂತೂ ಆ ಕನಸಿನ ಬಳಗಕ್ಕೆ ಸೇರಿದ್ದು.

ಅದಿರಲಿ. ಮುಂದೆ ನಡೆದದ್ದನ್ನು ಹೇಳಬೇಕು. ಮಿತ್ರರು ಎದ್ದು ಕೈ ಒರೆಸಿಕೊಂಡು, ಇಂಜಿನ್ನನ್ನು ಚಪ್ಪಲಿಯ ತುದಿಯಿಂದ ಒಮ್ಮೆ ತಟ್ಟಿ, "ಇದೇನು ಕಾಕಾ, ಬರೀ ಬೀಡು! ಕಿಲೋಗೆ ಎಷ್ಟು?" ಎಂದರು. ಕಾಕಾ ದರ ಹೇಳಿದರು. ತಕ್ಕಡಿಯ ಲೆಕ್ಕದಲ್ಲಿ ವ್ಯಾಪಾರ ಮುಗಿಯಿತು. ನಾವೆಲ್ಲ ಸುಮ್ಮನಿದ್ದೆವು, ಸುಮ್ಮನಿದ್ದುದಷ್ಟೇ ಅಲ್ಲ, ಒಳಗೊಳಗೇ ಹಿಗ್ಗಿದೆವು.

ಮನೆಗೆ ಬಂದು ಚಹಾ ಕುಡಿಯುವಾಗ ವಾದ ಹುಟ್ಟಿತು. ಮಾಡಿದ್ದು ಸರಿಯೇ? ವಕೀಲಿ ಓದಿದ ಗೆಳೆಯರೊಬ್ಬರು 1872ರ ಕರಾರು ಕಾಯಿದೆಯ ಹದಿನೇಳನೆಯ ಕಲಮನ್ನು ತೆಗೆದರು. ಬೆಲೆಯ ಏರಿಳಿತದ ಗುಟ್ಟು ತಿಳಿದ ವ್ಯಾಪಾರಿ ಅದನ್ನು ಇನ್ನೊಬ್ಬ ವ್ಯಾಪಾರಿಗೆ ತಿಳಿಸಲೇಬೇಕಾಗಿಲ್ಲ ಎಂದು ಅಲ್ಲಿ ಉದಾಹರಣೆಯೇ ಇದೆ. ಅಮೆರಿಕದಲ್ಲೂ ಹೀಗೇ. 1815ರಲ್ಲಿ ನ್ಯೂ ಆರ್ಲಿಯನ್ಸಿನ ವ್ಯಾಪಾರಿಯೊಬ್ಬ ಬ್ರಿಟನ್ನಿನೊಡನೆ ಯುದ್ಧ ಮುಗಿದ ಸುದ್ದಿಯನ್ನು ಇತರರಿಗಿಂತ ಮೊದಲೇ ತಿಳಿದು, ಬಾಯಿ ಬಿಡದೆ ಅಗ್ಗದಲ್ಲಿ ಹೊಗೆಸೊಪ್ಪು ಕೊಂಡ. ಸುದ್ದಿ ಹರಡಿದೊಡನೆ ಬೆಲೆ ಏರಿತು. 1817ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಕೊಳ್ಳುವವನು ಸುದ್ದಿ ತಿಳಿಸಬೇಕಾದ ಕಟ್ಟುಪಾಡಿಲ್ಲ, ಆದರೆ ಎದುರಿನವನನ್ನು ದಾರಿ ತಪ್ಪಿಸುವ ಮಾತಾಗಲಿ ನಡತೆಯಾಗಲಿ ಕೂಡದು ಎಂದಿತು. ಇದನ್ನು ಕೇಳಿದೊಡನೆ ನಮಗೆ ಆ ಚಪ್ಪಲಿಯ ತುದಿ ನೆನಪಾಯಿತು. ಮೌನಕ್ಕೆ ಕಾನೂನು ಕ್ಷಮೆ ಕೊಟ್ಟೀತು; ಆ ಒದೆತಕ್ಕೆ?

ಮಿತ್ರರ ಸಮರ್ಥನೆಯೂ ಬಲವಾದದ್ದೇ. "ಇಪ್ಪತ್ತು ವರ್ಷ ಪುಸ್ತಕ ತಿರುವಿ, ಗ್ರೀಸಿನಲ್ಲಿ ಕೈ ಅದ್ದಿ ಕಲಿತ ವಿದ್ಯೆ ಇದು. ವೈದ್ಯರು ಫೀಸು ತಗೊಳ್ಳೋದಿಲ್ಲವೇ? ಹೇಳಿದ್ದರೆ ಕಾಕಾ ಹತ್ತರಷ್ಟು ಕೇಳುತ್ತಿದ್ದರು, ನಮ್ಮ ಕೈಲಿ ಆಗುತ್ತಿರಲಿಲ್ಲ, ಇಂಜಿನ್ ಭಟ್ಟಿಗೆ ಹೋಗುತ್ತಿತ್ತು. ನಾನು ಅದನ್ನು ಉಳಿಸಿದೆ." ಕಲಿತವನಿಗೆ ಕಲಿಕೆಯ ಫಲ ಸಿಗಬಾರದೆಂದರೆ ಕಲಿಯುವವರು ಯಾರು? ನಾವು ಉತ್ತರವಿಲ್ಲದೆ ಎದ್ದೆವು.

ಇದೇ ತೊಡಕನ್ನು ರೋಮಿನ ಸಿಸೆರೊ ಎರಡು ಸಾವಿರ ವರ್ಷಗಳ ಹಿಂದೆಯೇ ಮಗನಿಗಾಗಿ ಬರೆದ ಕರ್ತವ್ಯಗಳ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಸ್ಕೇವೊಲನೆಂಬವನು ಹೊಲವೊಂದನ್ನು ಕೊಳ್ಳುವಾಗ, ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನೇ ಒಂದು ಲಕ್ಷ ನಾಣ್ಯ ಸೇರಿಸಿ ಕೊಟ್ಟನಂತೆ. ಇದು ಒಳ್ಳೆಯವನ ಕೆಲಸವೆಂದು ಎಲ್ಲರೂ ಒಪ್ಪಿದರು. ಜಾಣನ ಕೆಲಸವೆಂದು ಮಾತ್ರ ಒಪ್ಪಲಿಲ್ಲ. ಒಳ್ಳೆಯತನ ಬೇರೆ, ಜಾಣತನ ಬೇರೆ ಎಂಬ ಈ ಎಣಿಕೆಯೇ ಕೇಡಿನ ಮೂಲವೆಂಬುದು ಸಿಸೆರೊನ ಅಭಿಪ್ರಾಯ. ಓದಿದಾಗ ನಮಗೆ ಅದು ಉಪದೇಶದ ಮಾತೆನಿಸಿತು. ಅದು ಲೆಕ್ಕದ ಮಾತೂ ಹೌದೆಂದು ತಿಳಿದದ್ದು ಮೂರು ವರ್ಷದ ಮೇಲೆ.

ಆ ಹೊತ್ತಿಗೆ ಪ್ಲಿಮತ್ ಸಿದ್ಧವಾಗಿ, ಇಂಜಿನ್ ಹೊಲಿಗೆಯಂತ್ರದಂತೆ ಮೆಲ್ಲಗೆ ಗುನುಗುತ್ತಿತ್ತು. ಮಿತ್ರರ ಮನಸ್ಸಿನಲ್ಲಿ ಮುಳ್ಳು ಇದ್ದೇ ಇತ್ತೆಂದು ಕಾಣುತ್ತದೆ. ಒಂದು ಭಾನುವಾರ ನಮ್ಮನ್ನು ಕರೆದುಕೊಂಡು ಕಾಕಾನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿ, ಜೇಬಿನಿಂದ ಲಕೋಟೆಯೊಂದನ್ನು ತೆಗೆದು ಮುಂದಿಟ್ಟರು. ಕಾಕಾ ಅದನ್ನು ಮುಟ್ಟಲಿಲ್ಲ. "ವ್ಯಾಪಾರ ಅವತ್ತೇ ಮುಗೀತು ಭಾಯಿ. ಆದರೆ ಅವತ್ತೇ ಹೇಳಬಾರದಿತ್ತೇ? ಅದೇ ತರಹದ್ದು ಆಮೇಲೆ ಇನ್ನೆರಡು ಬಂದಿದ್ದವು. ಬರೀ ಬೀಡು ಅಂತ ನೀವೇ ಹೇಳಿದ್ದಿರಲ್ಲ, ಭಟ್ಟಿಗೆ ಕಳಿಸಿಬಿಟ್ಟೆ" ಎಂದರು.

ನಾವು ತಲೆ ತಗ್ಗಿಸಿದೆವು. ಒಂದನ್ನು ಉಳಿಸಿದೆವೆಂದು ಬೀಗಿದ್ದ ನಾವೇ ಎರಡನ್ನು ಕರಗಿಸಿದ್ದೆವು. ಕಾಕಾಗೆ ನಮ್ಮಿಂದ ಹಣದ ನಷ್ಟವಾದದ್ದು ನಿಜ. ಅದಕ್ಕಿಂತ ದೊಡ್ಡದು, ಅವರ ಕಣ್ಣನ್ನು ನಾವು ಕಟ್ಟಿಟ್ಟದ್ದು. ಹಣದ ಸಾಲವನ್ನು ಲಕೋಟೆಯಲ್ಲಿ ತೀರಿಸಬಹುದು. ತಿಳಿವಿನ ಸಾಲವನ್ನು ತಿಳಿಸಿಯೇ ತೀರಿಸಬೇಕು, ಅದೂ ಹೊತ್ತು ಮೀರುವ ಮೊದಲು. ವಿದ್ಯೆಗೆ ಫಲ ಬೇಡವೆಂದು ನಾವು ಹೇಳುವುದಿಲ್ಲ. ಕೆಟ್ಟ ಇಂಜಿನ್ನನ್ನು ನಡೆಯುವಂತೆ ಮಾಡಿದ ದುಡಿಮೆಗೆ ಬಂದ ಲಾಭ ನ್ಯಾಯದ್ದೇ. ಎದುರಿನವನು ಕುರುಡನಾಗಿಯೇ ಇರಲಿ ಎಂದು ಬಯಸಿ ಪಡೆದ ಲಾಭ ಬೇರೆ ಜಾತಿಯದು. ಮುಂದಿನ ಭಾನುವಾರ ಅದೇ ಅಂಗಡಿಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಅವನೊಡನೆ ಚಹಾ ಕುಡಿಯಬಲ್ಲೆವೇ? ಕುಡಿಯಬಲ್ಲೆವಾದರೆ ವ್ಯಾಪಾರ ಸರಿ. ನಮಗೆ ತೋಚಿದ ಅಳತೆಗೋಲು ಇಷ್ಟೇ.

ಈಗ ಇದರ ಅಗತ್ಯ ಹೆಚ್ಚಿದೆ. ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ರಾಷ್ಟ್ರೀಯ ನೀತಿ 2021ರ ಆಗಸ್ಟ್ 13ರಂದು ಗಾಂಧಿನಗರದ ಸಮಾವೇಶದಲ್ಲಿ ಪ್ರಕಟವಾಯಿತು. ಅದೇ ವರ್ಷ ಬಂದ ಇನ್ನೊಂದು ನಿಯಮದಂತೆ, ಐವತ್ತು ವರ್ಷ ದಾಟಿಯೂ ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ 'ವಿ.ಎ.' ಗುರುತಿನ ವಿಶೇಷ ನೋಂದಣಿಯೂ ಸಿಗುತ್ತದೆ. ಒಂದು ಬಾಗಿಲು ಭಟ್ಟಿಗೆ, ಇನ್ನೊಂದು ಗೌರವಕ್ಕೆ. ಯಾವುದು ಯಾವ ಬಾಗಿಲಿಗೆ ಹೋಗಬೇಕೆಂದು ತೀರ್ಮಾನಿಸುವ ಮೊದಲ ಕೈ, ಪಂಡಿತರದಲ್ಲ, ಕಾಕಾನಂಥವರದು.

ಅಂದು ಮಿತ್ರರು ಲಕೋಟೆಯನ್ನು ಜೇಬಿಗೆ ಸೇರಿಸಿ, ಅಂಗಳದ ಇನ್ನೊಂದು ಇಂಜಿನ್ನಿನ ಮುಂದೆ ಕಾಕಾನನ್ನೂ ಅವರ ಮಗನನ್ನೂ ಕೂಡಿಸಿಕೊಂಡು, ಸಂಖ್ಯೆ ಎಲ್ಲಿರುತ್ತದೆ, ಹೇಗೆ ಓದಬೇಕು ಎಂದು ತೋರಿಸಿಕೊಟ್ಟರು. ಈಗ ಅಂಗಡಿ ನೋಡಿಕೊಳ್ಳುವವನು ಮಗ. ಹಳೆಯ ಇಂಜಿನ್ ಬಂದರೆ ತಕ್ಕಡಿಗೆ ಏರಿಸುವ ಮೊದಲು ಮೈಯ ಕೆಸರನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾನೆ. ನಮಗೆ ಹೇಳುವ ಬೆಲೆಯೂ ಈಗ ಹೆಚ್ಚು. ನಾವು ಚೌಕಾಸಿ ಮಾಡುತ್ತೇವೆ, ಚಹಾ ಕುಡಿಯುತ್ತೇವೆ, ಕೆಲವು ಸಲ ಬರಿಗೈಯಲ್ಲಿ ಹಿಂದಿರುಗುತ್ತೇವೆ.