ಹುಟ್ಟೂರಿನ ಪರ್ವಭೋಜನವೂ ಸಮದತ್ತಿಯೂ

ಜೈನ ಗೃಹಸ್ಥನಿಗೆ ಪರ್ವವೆಂದರೆ ಬಹುಮಟ್ಟಿಗೆ ಉಣ್ಣದಿರುವ ದಿನ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸ, ವರ್ಷಕ್ಕೆ ಮೂರಾವರ್ತಿ ಬರುವ ಅಷ್ಟಾಹ್ನಿಕ, ಭಾದ್ರಪದದ ದಶಲಕ್ಷಣ, ಅನಂತ ಚತುರ್ದಶಿ ಇವೆಲ್ಲವೂ ಜಿಹ್ವೆಯನ್ನು ಕಟ್ಟುವ ಪರ್ವಗಳೇ. ಅನ್ಯರ ಮನೆಗಳಲ್ಲಿ ಹಬ್ಬ ಬಂದರೆ ಒಲೆಯ ಉರಿ ದೊಡ್ಡದಾಗುತ್ತದೆ. ಶ್ರಾವಕನ ಮನೆಯಲ್ಲಿ ಅದು ಸಣ್ಣದಾಗುತ್ತದೆ. ಈ ಸಾಲಿನಿಂದ ಸ್ವಲ್ಪ ಹೊರಗೆ ನಿಂತಿರುವುದು ವೈಶಾಖ ಶುದ್ಧ ತೃತೀಯೆ. ಅಕ್ಷಯ ತೃತೀಯೆಯು ಉಪವಾಸವೊಂದು ಮುಗಿದುದರ, ಅಂದರೆ ಆಹಾರವೊಂದು ಸಂದುದರ ಸ್ಮರಣೆ. ಶಾಲೆಗಳಿಗೆ ಬೇಸಿಗೆಯ ಬಿಡುವು ದೊರೆತು, ಪುಣೆ ಮುಂಬಯಿ ಬೆಂಗಳೂರುಗಳಲ್ಲಿ ನೆಲೆನಿಂತವರು ಮಕ್ಕಳೊಡನೆ ಹುಟ್ಟೂರಿಗೆ ಬರುವ ಕಾಲವೂ ಅದೇ. ಹೀಗಾಗಿ ಹಲವು ಕುಟುಂಬಗಳಲ್ಲಿ ಈ ದಿನ ಬಂಧುಬಳಗವನ್ನೆಲ್ಲ ಕರೆದು ಮಧ್ಯಾಹ್ನದ ಊಟವಿಕ್ಕುವ ರೂಢಿಯುಂಟು. ಆ ಊಟದ ಹೊಣೆಯನ್ನು ಹೊರಗಿನಿಂದ ಬಂದವನು ಹೊತ್ತುಕೊಳ್ಳುವುದೂ ಈಗ ಸಾಮಾನ್ಯವಾಗಿದೆ.

ಹೊಣೆ ಹೊರುವುದು ಒಳ್ಳೆಯದೇ. ಆದರೆ ಊರು ಬಿಟ್ಟವನು ಊರಿಗೆ ಬಂದು, ತಾನು ಬಿಟ್ಟುಹೋದ ಮನೆಯಲ್ಲಿಯೇ ನಿಂತು ಬಂಧುಗಳಿಗೆ ಉಣಬಡಿಸುವಾಗ ಅಲ್ಲಿ ದಾತಾರನು ಯಾರು? ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದೆ ಉಳಿದ ಪ್ರಶ್ನೆ ಮನೆಯವರ ಮನಸ್ಸಿನಲ್ಲಿ ಅನೇಕ ವರ್ಷ ಕೂತಿರುತ್ತದೆ.

ಆ ತೃತೀಯೆಯ ಪುರಾಣವನ್ನೇ ಮೊದಲು ನೋಡಬೇಕು. ಆದಿಭಗವಂತನು ಆರು ತಿಂಗಳ ಯೋಗವನ್ನು ಮುಗಿಸಿ ಚರಿಗೆಗೆ ಹೊರಟಾಗ ಜನರು ಭಕ್ತಿಯಲ್ಲಿ ಕಡಮೆಯಾಗಲಿಲ್ಲ. ರತ್ನಗಳನ್ನು ತಂದರು, ವಸ್ತ್ರಗಳನ್ನು ತಂದರು, ವಾಹನಗಳನ್ನು ತಂದು ನಿಲ್ಲಿಸಿದರು, ಕನ್ಯೆಯರನ್ನು ಒಪ್ಪಿಸಲು ಮುಂದಾದರು. ಅವರೆಲ್ಲರೂ ತಮ್ಮಲ್ಲಿ ಹೇರಳವಾಗಿದ್ದುದನ್ನು ಕೊಡಲು ಬಂದವರು. ಎದುರಿಗೆ ನಿಂತವನಿಗೆ ಸಲ್ಲುವುದು ಯಾವುದೆಂದು ಅರಿತವರಲ್ಲ. ತಿಂಗಳುಗಟ್ಟಲೆ ಹೀಗೆಯೇ ನಡೆಯಿತು. ಕಡೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ಜಾತಿಸ್ಮರಣೆಯಾಯಿತು. ಹಿಂದೊಂದು ಜನ್ಮದಲ್ಲಿ ತಾನು ಶ್ರೀಮತಿಯಾಗಿದ್ದು, ಪತಿ ವಜ್ರಜಂಘನೊಡನೆ ಚಾರಣಮುನಿಗಳಿಗೆ ಆಹಾರವಿತ್ತ ಬಗೆ ಕಣ್ಣಮುಂದೆ ನಿಂತಿತು. ಅವನಲ್ಲಿದ್ದ ವಿಶೇಷವು ಸಂಪತ್ತಲ್ಲ, ನೆನಪು. ಆ ನೆನಪಿನಿಂದಲೇ ಇಕ್ಷುರಸವು ಭಗವಂತನ ಕರಪಾತ್ರಕ್ಕೆ ಸಂದಿತು.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಶ್ರೇಯಾಂಸನು ಹಸ್ತಿನಾಪುರದ ಅರಸನಲ್ಲ. ಅರಸು ಅವನ ಅಣ್ಣ ಸೋಮಪ್ರಭ, ಶ್ರೇಯಾಂಸನು ತಮ್ಮ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣವು ಆ ದಾನವನ್ನು ವರ್ಣಿಸುವಾಗ ತಮ್ಮನೊಬ್ಬನನ್ನೇ ಮುಂದೆ ನಿಲ್ಲಿಸುವುದಿಲ್ಲ. ಸೋಮಪ್ರಭನನ್ನೂ ಅವನ ರಾಣಿ ಲಕ್ಷ್ಮೀಮತಿಯನ್ನೂ ಜೊತೆಗಿರಿಸಿ ಹೇಳುತ್ತದೆ. ದಾನವಿಧಿಯನ್ನು ಅರಿತವನು ತಮ್ಮ, ಮನೆ ಅಣ್ಣನದು, ಕೈಗೂಡಿಸಿದವಳು ಅತ್ತಿಗೆ. ದಾನತೀರ್ಥದ ಪ್ರವರ್ತಕನೆಂಬ ಕೀರ್ತಿ ಶ್ರೇಯಾಂಸನಿಗೆ ಬಂದಿತು, ಸರಿ. ಆದರೆ ಇಕ್ಷುರಸವನ್ನು ಅರ್ಪಿಸುವ ಹೊತ್ತಿನಲ್ಲಿ ಅವನು ಒಂಟಿಯಾಗಿರಲಿಲ್ಲ.

ಇನ್ನು ಬಂಧುಗಳ ಊಟಕ್ಕೆ ಬರೋಣ. ಮುನಿಗೆ ಕೊಡುವ ಆಹಾರಕ್ಕೂ ನಂಟರಿಗೆ ಬಡಿಸುವ ಹೋಳಿಗೆಗೂ ಎಲ್ಲಿಯ ಸಾಟಿ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಯುಕ್ತವೇ. ಆದಿಪುರಾಣವೇ ಗೃಹಸ್ಥನ ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದೆ. ಪಾತ್ರದತ್ತಿಯಲ್ಲಿ ತೆಗೆದುಕೊಳ್ಳುವವನು ಕೊಡುವವನಿಗಿಂತ ಮೇಲೆ. ದಯಾದತ್ತಿಯಲ್ಲಿ ತೆಗೆದುಕೊಳ್ಳುವವನು ಆರ್ತನು, ಅಭಯವನ್ನು ಬೇಡುವವನು. ಸಮದತ್ತಿಯಲ್ಲಿ ಇಬ್ಬರೂ ಸಮಾನರು. ಕ್ರಿಯೆಯಿಂದ, ವ್ರತದಿಂದ ತನಗೆ ಸರಿಸಮನಾದ ಗೃಹಸ್ಥನಿಗೆ ಗೌರವಪೂರ್ವಕವಾಗಿ ಕೊಡತಕ್ಕದ್ದು ಅದು. ಹಬ್ಬದ ದಿನ ಸಾಧರ್ಮಿ ಬಂಧುಗಳಿಗೆ ಇಕ್ಕುವ ಊಟವು ಈ ಮೂರನೆಯದಕ್ಕೆ ಸೇರಬೇಕು. ಅಲ್ಲಿ ಸಮತ್ವವು ಕೆಟ್ಟರೆ ಖರ್ಚು ಎಷ್ಟೇ ಆಗಿರಲಿ, ಅಡುಗೆ ಎಷ್ಟೇ ರುಚಿಯಾಗಿರಲಿ, ಸಮದತ್ತಿಯು ನಡೆಯಲಿಲ್ಲವೆಂದೇ ತಿಳಿಯಬೇಕು. ನಗರದಿಂದ ಬಂದವನ ಊಟಕ್ಕೆ ಇರುವ ಅಪಾಯ ಇದೇ. ಅವನಿಗೆ ಅರಿವಿಲ್ಲದೆಯೇ ಅದು ದಯಾದತ್ತಿಯ ಕಡೆಗೆ ಜಾರುತ್ತದೆ. ದಯೆ ಬೇಡದಿದ್ದವರು ಅದರ ಮುಂದೆ ಕೂತು ಉಣ್ಣಬೇಕಾಗುತ್ತದೆ.

ಚಿಕ್ಕೋಡಿ, ರಾಯಬಾಗ, ಜಮಖಂಡಿಗಳ ಕಬ್ಬಿನ ಸೀಮೆಯಲ್ಲಿ ಒಂದು ಒಕ್ಕಲು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಣ್ಣ ಹೊಲ ನೋಡಿಕೊಂಡು ಊರಲ್ಲಿದ್ದಾನೆ. ತಮ್ಮನಿಗೆ ಪುಣೆಯಲ್ಲಿ ನೌಕರಿ. ಹಬ್ಬ ನಾಲ್ಕು ದಿನವಿರುವಾಗ ತಮ್ಮನಿಂದ ಫೋನು ಬರುತ್ತದೆ: “ಅಣ್ಣಾ, ಈ ಸಲ ತದಿಗಿ ಊಟ ನನ್ನದು. ಎಪ್ಪತ್ತು ಮಂದಿ ಆಗಬಹುದು. ಖರ್ಚಿನ ಕಾಳಜಿ ಮಾಡಬ್ಯಾಡ, ವೈನಿಗೆ ಹೇಳು.” ಮಾತಿನಲ್ಲಿ ಪ್ರೀತಿಯಿದೆ, ಔದಾರ್ಯವಿದೆ. ಆದರೆ ಊಟ ನನ್ನದು ಎಂಬ ಮಾತೂ ವೈನಿಗೆ ಹೇಳು ಎಂಬ ಮಾತೂ ಒಂದೇ ಉಸಿರಿನಲ್ಲಿ ಬಂದಿವೆ.

ವೈನಿಯ ಪಾಲಿಗೆ ಎಪ್ಪತ್ತು ಎಲೆಯ ಅರ್ಥವೇನು? ವ್ರತಸ್ಥರ ಮನೆಯಲ್ಲಿ ಬೇಸಿಗೆಯ ಹಿಟ್ಟಿಗೆ ಐದು ದಿನದ ಮರ್ಯಾದೆ. ಆದ್ದರಿಂದ ಅಷ್ಟು ಮಂದಿಗೆ ಬೇಕಾದ ಗೋದಿಯನ್ನು ಆರಿಸಿ, ಒಣಗಿಸಿ, ಹಿಟ್ಟು ಮಾಡಿಸುವುದೆಲ್ಲ ಆ ನಾಲ್ಕು ದಿನಗಳಲ್ಲೇ ಆಗಬೇಕು. ಇರುವೆ ಹುಳಗಳನ್ನು ನೋಡಿ ಬೇಳೆ ಹಸನು ಮಾಡಬೇಕು. ನೀರನ್ನು ದಟ್ಟವಾದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕು. ಬಟ್ಟೆಯಲ್ಲಿ ಉಳಿದುದನ್ನು ನೀರು ಸೇದಿದ ಬಾವಿಗೇ ಮೆಲ್ಲನೆ ಇಳಿಬಿಡಬೇಕು. ಹಾಗೆ ಸೋಸಿದ ನೀರಿಗೂ ಒಂದು ಮುಹೂರ್ತದ, ಅಂದರೆ 48 ನಿಮಿಷಗಳ ಅವಧಿ. ಆಮೇಲೆ ಮತ್ತೆ ಸೋಸಬೇಕು. ಲವಂಗ ಮೊದಲಾದುವನ್ನು ಹಾಕಿ ಪ್ರಾಸುಕ ಮಾಡಿದರೆ ಎರಡು ಪ್ರಹರ, ಚೆನ್ನಾಗಿ ಕುದಿಸಿದರೆ 24 ಗಂಟೆ. (ಕೊಳಾಯಿಗೆ ಯಂತ್ರ ಸಿಕ್ಕಿಸಿದೊಡನೆ ಜಲಗಾಲನವು ಮುಗಿಯಿತೆಂದು ತಿಳಿಯುವ ನಗರವಾಸಿಗಳು ಬಟ್ಟೆಯಲ್ಲಿ ಉಳಿದ ಜೀವಗಳ ಗತಿಯೇನೆಂದು ಕೇಳಿಕೊಳ್ಳುವುದೇ ಇಲ್ಲ.) ಎಪ್ಪತ್ತು ಮಂದಿ ಕುಡಿಯುವ, ಕೈ ತೊಳೆಯುವ, ಅಡುಗೆಗೆ ಬೇಕಾಗುವ ನೀರಿಗೆ ಈ ಲೆಕ್ಕವನ್ನು ಹಚ್ಚಿ ನೋಡಿದರೆ ಪುಣೆಯಿಂದ ಬಂದ ಹಣದಿಂದ ಕೊಳ್ಳಲಾಗದ ವಸ್ತು ಯಾವುದೆಂಬುದು ತಾನಾಗಿ ತಿಳಿಯುತ್ತದೆ.

ಅದಕ್ಕೂ ಮಿಗಿಲಾದುದು ಇನ್ನೊಂದಿದೆ. ಬರುವವರಲ್ಲಿ ಹಿರಿಯತ್ತೆಗೆ ಏಕಾಶನ. ಹೊತ್ತು ಮೀರಿದರೆ ಆಕೆಗೆ ಆ ದಿನದ ಊಟವೇ ಇಲ್ಲ. ಕಾಕಾ ಒಬ್ಬರು ಬಾವಿಯ ನೀರಲ್ಲದೆ ಬೇರೆ ಮುಟ್ಟರು. ಇನ್ನೊಬ್ಬರದು ಆ ವಾರ ಉಪ್ಪಿನ ತ್ಯಾಗ. ಸೋದರತ್ತೆಯ ಸೊಸೆ ಬದನೆ ಬಿಟ್ಟಿದ್ದಾಳೆ. ಇವೆಲ್ಲ ಎಲ್ಲಿಯೂ ಬರೆದಿಟ್ಟ ಪಟ್ಟಿಯಲ್ಲ, ವೈನಿಯ ಮನಸ್ಸಿನಲ್ಲಿವೆ. ಹಬ್ಬಕ್ಕೆ ಮೊಸರುವಡೆಯೂ ಆಗಲಿ ಎಂದು ತಮ್ಮನು ಹೇಳಿದಾಗ, ಬೇಳೆಗೂ ಮೊಸರಿಗೂ ಕೂಡದು, ದ್ವಿದಳವಾಗುತ್ತದೆ ಎಂದು ನೆನಪಿಸುವವಳೂ ಅವಳೇ. ಶ್ರೇಯಾಂಸನ ದಾನಕ್ಕೆ ಕಾರಣವಾದುದು ಸ್ಮರಣೆಯೆಂದು ಮೇಲೆ ಕಂಡೆವಷ್ಟೆ. ಈ ಮನೆಯಲ್ಲಿ ಆ ಸ್ಮರಣೆಯನ್ನು ಕಾಯ್ದುಕೊಂಡು ಬಂದಿರುವವರು ಯಾರು? ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ವೈಯಾವೃತ್ಯದ ಐದು ದೋಷಗಳನ್ನು ಎಣಿಸುವಾಗ ಅನಾದರದ ಪಕ್ಕದಲ್ಲಿಯೇ ಅಸ್ಮರಣವನ್ನು ಇರಿಸಿದ್ದಾರೆ. ಮರೆವನ್ನೂ ದೋಷವೆಂದು ಎಣಿಸಿದ ಈ ಸೂಕ್ಷ್ಮತೆಯು ಅಡುಗೆಮನೆಯಲ್ಲಿ ನಿಂತವರಿಗೆ ಬೇಗ ಅರ್ಥವಾಗುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅತಿಥಿಸಂವಿಭಾಗ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಪರವ್ಯಪದೇಶವೂ ಒಂದು. ಪೂಜ್ಯಪಾದರ ಸರ್ವಾರ್ಥಸಿದ್ಧಿಯಂತೆ ಬೇರೊಬ್ಬ ದಾತಾರನು ಕೊಡತಕ್ಕುದನ್ನು ತಾನು ಅರ್ಪಿಸುವುದೇ ಪರವ್ಯಪದೇಶ. ಈ ಅತಿಚಾರಗಳು ಸಂಯಮಿಗಳಿಗೆ ಕೊಡುವ ಆಹಾರವನ್ನು ಕುರಿತವು, ನಂಟರ ಊಟವನ್ನು ಕುರಿತವಲ್ಲ ಎಂಬುದು ನಿಜ. ಅವನ್ನು ಇಲ್ಲಿಗೆ ತರುವುದು ಸಾದೃಶ್ಯದಿಂದ ಮಾತ್ರ. ಆದರೆ ಸಾದೃಶ್ಯವು ಬಲವಾಗಿದೆ. ಶ್ರಮವು ಪರರದು, ಸ್ಮರಣೆಯು ಪರರದು, ಊಟವು ಮಾತ್ರ ನನ್ನದು ಎಂದರೆ ಅದು ಯಾವ ನ್ಯಾಯ?

ಇಲ್ಲಿ ಪ್ರತಿವಾದಿಯು ಪೂಜ್ಯಪಾದರನ್ನೇ ಮುಂದಿಟ್ಟು ಕೇಳಬಹುದು. ದಾನವೆಂದರೆ ಅನುಗ್ರಹಕ್ಕಾಗಿ ಸ್ವವನ್ನು ಬಿಟ್ಟುಕೊಡುವುದು. ಸ್ವ ಎಂಬುದಕ್ಕೆ ಅವರು ಧನವೆಂದೇ ಅರ್ಥ ಹೇಳಿದ್ದಾರೆ. ತಮ್ಮನು ತನ್ನ ಧನವನ್ನೇ ಕೊಟ್ಟಿದ್ದಾನಲ್ಲ, ದಾನವು ಅವನದೇ ಅಲ್ಲವೆ? ಹೌದು, ಧನದ ಮಟ್ಟಿಗೆ ಅವನದೇ. ಧನದ ದಾತಾರನು ಅವನು. ಊಟದ ದಾತಾರರಲ್ಲಿ ಅವನೊಬ್ಬ. ಈ ಭೇದವನ್ನು ಅವನು ಒಪ್ಪಿಕೊಂಡರೆ ವಿವಾದವೇ ಇಲ್ಲ. ಅನುಗ್ರಹವೆಂದರೆ ತನ್ನ ಮತ್ತು ಪರರ ಉಪಕಾರವೆಂದು ಅದೇ ವ್ಯಾಖ್ಯಾನವು ಹೇಳುತ್ತದೆ. ಎಪ್ಪತ್ತು ಮಂದಿಗೆ ಉಪಕಾರವಾಗಿ ಒಬ್ಬಳಿಗೆ ಅಪಕಾರವಾದರೆ ಆ ಒಬ್ಬಳು ಪರಳಲ್ಲವೆ?

ಅಪಕಾರವೆಂಬ ಮಾತು ಕಠಿಣವೆಂದು ತೋರಿದರೆ ಆ ದಿನದ ಸಂಜೆಯನ್ನು ನೋಡಬೇಕು. ಊರಲ್ಲಿ ಮುನಿಸಂಘವಿದ್ದರೆ ಆಹಾರದ ವೇಳೆಗೆ ಬಾಗಿಲಲ್ಲಿ ನಿಂತು ಅತಿಥಿಯನ್ನು ಎದುರುನೋಡುವುದು ಶ್ರಾವಕಧರ್ಮ. ಇಲ್ಲದಿದ್ದರೂ ಆ ಭಾವನೆಯನ್ನು ಮಾಡಿಯೇ ಉಣ್ಣಬೇಕು. ಆದರೆ ಈಚೆಗೆ ಮನೆಮಂದಿ ಬಾಗಿಲಲ್ಲಿ ನಿಲ್ಲುವುದು ಕೊಲ್ಲಾಪುರದ ದಾರಿಯಲ್ಲಿ ತಡವಾದ ಕಾರುಗಳಿಗಾಗಿ. ಹನ್ನೊಂದಕ್ಕೆ ಆಗಬೇಕಾದ ಪಂಕ್ತಿ ಎರಡಕ್ಕೆ ಏಳುತ್ತದೆ, ಎರಡನೆಯದು ಮೂರೂವರೆಗೆ. ಅಕಾಲದಲ್ಲಿ ಉಣ್ಣಿಸುವ ಕಾಲಾತಿಕ್ರಮವೂ ಆ ಐದು ಅತಿಚಾರಗಳಲ್ಲಿ ಸೇರಿದೆ. ಗಂಡಸರು ಅಡಕೆ ಎಲೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಕಬ್ಬಿನ ದರ ಮಾತಾಡುವಾಗ ಒಳಗೆ ಪಾತ್ರೆಗಳ ರಾಶಿ. ರಾತ್ರಿಭೋಜನ ತ್ಯಾಗವುಳ್ಳ ಮನೆಯಲ್ಲಿ ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಬಾಯಿ ತೊಳೆಯಬೇಕು. ಬೆಳಗಿನ ನಾಲ್ಕಕ್ಕೆ ಎದ್ದವಳು ಕಡೆಯ ಪಂಕ್ತಿಯ ನಂತರ ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಹೊತ್ತು ಇಳಿದಿರುತ್ತದೆ. ಇವತ್ತು ನನಗೆ ಹಸಿವಿಲ್ಲ ಎಂದು ಆಕೆ ನಗುತ್ತಾಳೆ. ಅದು ಉಪವಾಸವಲ್ಲ; ಉಪವಾಸಕ್ಕೆ ಸಂಕಲ್ಪ ಬೇಕು. ಇನ್ನೊಬ್ಬರ ಔದಾರ್ಯವು ಆಕೆಯ ಮೇಲೆ ಹೊರಿಸಿದ ಹಸಿವು ಅದು. ಅಕ್ಷಯ ತೃತೀಯೆಯ ದಿನವೇ ಹೀಗಾಗುವುದು ವಿಪರೀತವಲ್ಲವೆ?

ಹಾಗಾದರೆ ಅಡುಗೆಯವರಿಗೆ ಒಪ್ಪಿಸಿ, ಬಸದಿಯ ಪಕ್ಕದ ಸಮುದಾಯ ಭವನದಲ್ಲಿ ಊಟ ಹಾಕಿಸಬಾರದೇಕೆ ಎಂದು ಕೇಳುವವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಹಿಟ್ಟಿನ ಮರ್ಯಾದೆ, ನೀರಿನ ಅವಧಿ ತಿಳಿದ ಅಡುಗೆಯವರು ಸಿಕ್ಕರೆ ಹಾಗೆಯೇ ಮಾಡಬಹುದು. ಸಿಗದಿದ್ದರೆ ವ್ರತಿಗಳು ಎಲೆಯ ಮುಂದೆ ಕೂತು ಬರಿದೇ ಏಳುತ್ತಾರೆ.

ಕಠಿಣವಾದುದು ಅಣ್ಣನ ಮನಸ್ಸು. ತಮ್ಮನು ದುಡ್ಡು ಕೊಡಲು ಬಂದಾಗ, ನಮ್ಮ ಮನೆಯಲ್ಲಿ ನಿನ್ನ ಖರ್ಚೇ ಎಂದು ಸಿಡುಕುವ ಅಣ್ಣಂದಿರುಂಟು. ಇದನ್ನು ಬರಿಯ ಸ್ವಾಭಿಮಾನವೆಂದು ಹೊಗಳುವುದು ಸರಿಯಲ್ಲ. ಆದರವಿಲ್ಲದೆ ಕೊಡುವುದು ಮಾತ್ಸರ್ಯವೆಂದ ಸರ್ವಾರ್ಥಸಿದ್ಧಿಯು ಬೇರೊಬ್ಬ ದಾತಾರನ ಗುಣವನ್ನು ಸಹಿಸದಿರುವುದನ್ನೂ ಮಾತ್ಸರ್ಯವೆಂದೇ ಕರೆದಿದೆ. ಊರಿನಲ್ಲಿ ಉಳಿದವನಿಗೆ ತಾನು ಉಳಿದುದೇ ಒಂದು ದೊಡ್ಡ ತ್ಯಾಗವೆಂಬ ಭಾವನೆ ಬೆಳೆದಿರುತ್ತದೆ. ಮುದಿ ತಾಯಿತಂದೆಯರನ್ನು ನೋಡಿಕೊಂಡ ವರ್ಷಗಳಿಗೆ ಒಂದು ದಿನದ ಊಟ ಸಮವಾಯಿತೇ ಎಂಬ ನೋವು ಇರುತ್ತದೆ. ನೋವು ನಿಜ. ಆದರೆ ದೂರ ಹೋದವನಿಗೂ ಆ ಹೊಸ್ತಿಲಲ್ಲಿ ಒಂದು ಸಲವಾದರೂ ಕೊಡುವವನಾಗಿ ನಿಲ್ಲಬೇಕೆಂಬ ಆಸೆ ಇರುತ್ತದೆ. ಬಂದಾಗಲೆಲ್ಲ ಉಂಡುಹೋಗುವ ನೆಂಟನಾಗಿ ಉಳಿಯುವುದು ಯಾವ ಮಗನಿಗೂ ಹಿತವಲ್ಲ. ಆ ಆಸೆಯನ್ನು ಅಹಂಕಾರವೆಂದು ಮೂದಲಿಸಿ ದೂಡಿದರೆ ಮುಂದಿನ ವರ್ಷ ಅವನು ಬರುವುದಿಲ್ಲ. ಅವನ ಮಕ್ಕಳಿಗೆ ಆ ಮನೆಯ ಬಾವಿಯ ದಾರಿಯೂ ತಿಳಿಯುವುದಿಲ್ಲ. ತವರಿಗೆ ಬಂದು ಊಟ ಹಾಕಿಸುವ ಹೆಣ್ಣುಮಕ್ಕಳ ಪಾಡೂ ಇದೇ. ಅವರಿಗಾದರೋ ಅಡುಗೆಮನೆಯ ಕಷ್ಟ ಗೊತ್ತಿರುವುದರಿಂದ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗುತ್ತಾರೆ.

ತಮ್ಮನೂ ಒಳಗೆ ಹೋಗಬಹುದಲ್ಲ? ಹಬ್ಬದ ಹಿಂದಿನ ದಿನ ಸಂಜೆ ಬಂದಿಳಿಯುವ ಬದಲು ನಾಲ್ಕು ದಿನ ಮೊದಲೇ ಬಂದು, ಎಷ್ಟು ಮಂದಿಗೆ ಕೈ ಸಾಗುತ್ತದೆಂದು ಅತ್ತಿಗೆಯನ್ನು ಮೊದಲು ಕೇಳಿ, ಆಕೆ ಮೂವತ್ತು ಎಂದರೆ ಮೂವತ್ತಕ್ಕೇ ನಿಲ್ಲಿಸಬಹುದು. ಕರೆಯುವಾಗ ಅಣ್ಣನ ಹೆಸರು ಮುಂದಿಟ್ಟು ಇಬ್ಬರೂ ಕೂಡಿ ಮನೆಮನೆಗೆ ಹೋಗಬಹುದು. ಯಾರಿಗೆ ಯಾವ ತ್ಯಾಗವೆಂಬುದನ್ನು ಅತ್ತಿಗೆಯ ಬಾಯಿಂದ ಕೇಳಿ ತನ್ನ ಹೆಂಡತಿ ಮಕ್ಕಳಿಗೂ ತಿಳಿಸಬಹುದು. ಭಕ್ಷ್ಯಗಳನ್ನು ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ, ಮಾವಿನ ಸೀಕರಣೆಗೆ ಮುಗಿಸಿದರೆ ಯಾರ ಮಾನವೂ ಹೋಗದು. ನೀರು ಸೇದಿ ಸೋಸುವ ಕೆಲಸ ಪುಣೆಯಿಂದ ಬಂದ ಮಕ್ಕಳಿಗಿರಲಿ. ಬಟ್ಟೆಯನ್ನು ಬಾವಿಗೆ ಹೇಗೆ ಇಳಿಬಿಡಬೇಕೆಂಬುದನ್ನು ಅವರು ಅಲ್ಲಲ್ಲದೆ ಬೇರೆಲ್ಲಿ ಕಲಿತಾರು? ಬಂದಷ್ಟು ಜನರೊಡನೆ ಹನ್ನೊಂದಕ್ಕೆ ಪಂಕ್ತಿ ಏಳಲಿ. ಏಕಾಶನದವರೂ ಅತ್ತಿಗೆಯೂ ಮೊದಲ ಪಂಕ್ತಿಯಲ್ಲಿ ಕೂರಲಿ. ಬಡಿಸಲು ಅಣ್ಣತಮ್ಮಂದಿರಿಬ್ಬರು ನಿಂತರೆ ಸಾಕು. ತಡವಾಗಿ ಬಂದವರು ಎರಡನೆಯ ಪಂಕ್ತಿಯಲ್ಲಿ ಉಣ್ಣುತ್ತಾರೆ. ಉಳಿದ ಅನ್ನ ಹೋಳಿಗೆಗಳು ಮರುದಿನಕ್ಕೆ ಬಾರದ ಕಾರಣ, ಬಿಸಿಲಿರುವಾಗಲೇ ಹೊಲದಾಳುಗಳ ಮನೆಗಳಿಗೆ ಕಳಿಸಿ, ಬಸದಿಯಿಂದ ತಂದ ಹಂಡೆ ಕೊಪ್ಪರಿಗೆಗಳನ್ನು ತಮ್ಮನೇ ತೊಳೆದು ಎಣಿಸಿ ಮರಳಿಸಿ ಬರಬೇಕು.