ಅಗ್ಗದ ಕಾಫಿ ಯಾರಿಗೆ ಅಗ್ಗ?



ಕಳೆದ ತಿಂಗಳು ಒಂದು ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಗೃಹಿಣಿಯೊಬ್ಬರು ಮೊಬೈಲ್ ಹಿಡಿದುಕೊಂಡು ಗುರುನಿವಾಸದ ಜಗಲಿಗೆ ಬಂದರು. ಅವರ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅಮ್ಮನ ಹುಟ್ಟುಹಬ್ಬಕ್ಕೆಂದು ಮೂರು ತಿಂಗಳಿಗೆ ಕಾಫಿಯ ಚಂದಾ ಕಟ್ಟಿದ್ದಳಂತೆ. ಹದಿನೈದು ದಿನಕ್ಕೊಮ್ಮೆ 250 ಗ್ರಾಮಿನ ಪೊಟ್ಟಣ ಕೊರಿಯರಿನಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ಈಗ ಉಡುಗೊರೆಯ ಅವಧಿ ಮುಗಿದಿದೆ. ಆದರೆ ಮನೆಯವರ ನಾಲಿಗೆಗೆ ರುಚಿ ಹತ್ತಿದೆ.

"ಫಾದರ್, ಈ ಪೊಟ್ಟಣಕ್ಕೆ 450 ರೂಪಾಯಿ. ಇನ್ನೊಬ್ಬರು 280ಕ್ಕೇ ಕೊಡುತ್ತಾರೆ. ಯಾವುದಕ್ಕೆ ಚಂದಾ ಕಟ್ಟಲಿ? ಬರೀ ಕಾಫಿಗೆ ಇಷ್ಟು ಖರ್ಚು ಮಾಡಿದರೆ ತಪ್ಪಾಗುವುದಿಲ್ಲವೇ?" ಎಂದು ಕೇಳಿದರು.

ನಾನು ಮೂಡಿಗೆರೆ ಕಡೆಯ ಬೆಳೆಗಾರರ ಮನೆಯವನೆಂದು ಅವರಿಗೆ ಗೊತ್ತು. ಅದಕ್ಕೇ ಈ ಪ್ರಶ್ನೆ ನನ್ನ ಬಳಿಗೆ ಬಂತು. ಒಳಗೆ ಜ್ಞಾನಸ್ನಾನಕ್ಕೆ ಮಗು ಅಳುತ್ತಾ ಕಾದಿತ್ತು. "ಕೈಗೆಟುಕುವುದನ್ನು ತೆಗೆದುಕೊಳ್ಳಿ" ಎಂದು ಹೇಳಿ ಒಳಗೆ ಹೋಗಿಬಿಟ್ಟೆ. ಆ ರಾತ್ರಿ ಊಟವಾದ ಮೇಲೆ ನನ್ನ ಮಾತು ನನಗೇ ಚುಚ್ಚತೊಡಗಿತು. ಕೈಗೆಟುಕುವುದು ಎಂದರೇನು? ಯಾರ ಕೈಗೆ?

ಮೊದಲು ಚಂದಾ ಎಂಬ ಈ ಪದ್ಧತಿಯನ್ನೇ ನೋಡೋಣ. ಇದೇನೂ ನಮಗೆ ಹೊಸದಲ್ಲ. ಹಾಲಿನವನ ಹತ್ತಿರ, ಹೂವಿನವಳ ಹತ್ತಿರ 'ವರ್ತನೆ' ಇಟ್ಟುಕೊಳ್ಳುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಬೆಳಿಗ್ಗೆ ಹಾಲು ಬರುತ್ತದೆಂಬ ನಂಬಿಕೆ ಮನೆಯವರಿಗೆ, ತಿಂಗಳ ಕೊನೆಗೆ ಹಣ ಬರುತ್ತದೆಂಬ ನಂಬಿಕೆ ಹಾಲಿನವನಿಗೆ. ಆದರೆ ಹಳೆಯ ವರ್ತನೆಯಲ್ಲಿ ಎರಡು ಮುಖಗಳು ದಿನವೂ ಎದುರಾಗುತ್ತಿದ್ದವು. ಹಾಲು ನೀರಾದರೆ ಕೇಳಬಹುದಿತ್ತು. ಹಾಲಿನವನ ಮನೆಯಲ್ಲಿ ಕಾಯಿಲೆಯಿದ್ದರೆ ತಿಂಗಳ ಹಣ ಮುಂಗಡ ಕೊಡಬಹುದಿತ್ತು. ಇಂದಿನ ಚಂದಾದಲ್ಲಿ ಕಾಣುವುದು ಪೊಟ್ಟಣ ಮಾತ್ರ.

ಪೊಟ್ಟಣವನ್ನಾದರೂ ಸರಿಯಾಗಿ ಓದಿದ್ದೇವೆಯೇ? ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ಕೊಡುಕೊಳ್ಳುವ ವ್ಯವಹಾರದ ನೀತಿಯನ್ನು ಕುರಿತು ಬರೆಯುವಾಗ, ಮಾರುವ ಪದಾರ್ಥದಲ್ಲಿ ಮೂರು ಬಗೆಯ ದೋಷ ಇರಬಹುದು ಎನ್ನುತ್ತಾರೆ: ವಸ್ತುವೇ ಬೇರೆಯಾಗಿರುವುದು, ಅಳತೆ ಕಡಿಮೆಯಾಗಿರುವುದು, ಗುಣ ಕೆಟ್ಟಿರುವುದು. ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಕಾಫಿ ಪೊಟ್ಟಣ ಕೈಯಲ್ಲಿ ಹಿಡಿದಾಗ ಅದರ ಅರ್ಥವಾಯಿತು.

ಮರುವಾರ ಆ ತಾಯಿಯನ್ನು ಕರೆದು ಎರಡು ಜಾಹೀರಾತುಗಳನ್ನೂ ಜೊತೆಯಲ್ಲಿ ಕುಳಿತು ಓದಿದೆವು. 280 ರೂಪಾಯಿಯದರ ಕೆಳಗೆ ಸಣ್ಣ ಅಕ್ಷರದಲ್ಲಿ ಕಾಫಿ 70, ಚಿಕೋರಿ 30 ಎಂದಿತ್ತು. ಚಿಕೋರಿ ಬೆರೆಸುವುದು ಪಾಪವಲ್ಲ, ಮೋಸವೂ ಅಲ್ಲ. ನನಗೇ ಒಂದಿಷ್ಟು ಚಿಕೋರಿ ಇಲ್ಲದಿದ್ದರೆ ಫಿಲ್ಟರ್ ಕಾಫಿ ಕುಡಿದಂತಾಗುವುದಿಲ್ಲ. ಡಿಕಾಕ್ಷನ್ ಗಟ್ಟಿಯಾಗುತ್ತದೆ, ಬಣ್ಣ ಬರುತ್ತದೆ, ಪುಡಿಯೂ ಕಡಿಮೆ ಸಾಕು. ಬೆರೆಸಿದ್ದನ್ನು ಹೇಳಿ ಮಾರಬೇಕು, ಅಷ್ಟೇ. ನಮ್ಮ ದೇಶದ ಆಹಾರ ಕಾನೂನಿನಂತೆ ಇಂಥ ಮಿಶ್ರಣದಲ್ಲಿ ಕಾಫಿಯ ಭಾಗ ಶೇಕಡಾ 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆದಿರಬೇಕು. ಅವರು ಬರೆದಿದ್ದರು. ಓದದೇ ಇದ್ದವರು ನಾವು.

ಈಗ ಲೆಕ್ಕ ಮಾಡಿ. 250 ಗ್ರಾಮಿನಲ್ಲಿ ಶೇಕಡಾ 30 ಚಿಕೋರಿ ಹೋದರೆ ಉಳಿಯುವ ಕಾಫಿ 175 ಗ್ರಾಂ. ಕೊರಿಯರಿಗೆ ಬೇರೆ 60 ರೂಪಾಯಿ, ಒಟ್ಟು 340. ಅಂದರೆ ಅದರೊಳಗಿನ ಕಾಫಿ ಗ್ರಾಮಿಗೆ ಸುಮಾರು 1 ರೂಪಾಯಿ 94 ಪೈಸೆ ಬಿತ್ತು. ಚಿಕೋರಿಗೂ ಬೆಲೆ ಇದೆಯೆನ್ನಿ, ಆದರೆ ಅದು ಕಾಫಿಗಿಂತ ಬಹಳ ಅಗ್ಗ. 450 ರೂಪಾಯಿಯದು ಪೂರ್ತಿ ಕಾಫಿ, ಕೊರಿಯರ್ ಖರ್ಚು ಅದರಲ್ಲೇ ಸೇರಿತ್ತು. ಗ್ರಾಮಿಗೆ 1 ರೂಪಾಯಿ 80 ಪೈಸೆ! ಆ ತಾಯಿ ಲೆಕ್ಕವನ್ನು ಎರಡು ಸಲ ಮಾಡಿಸಿದರು.

ಇನ್ನು ಗುಣದ ಮಾತು. ಹುರಿದ ಬೀಜದ ಪರಿಮಳ ಕೆಲವು ವಾರಗಳಲ್ಲಿ ಇಳಿಯುತ್ತಾ ಹೋಗುತ್ತದೆ, ಪುಡಿ ಮಾಡಿದ ಮೇಲೆ ಇನ್ನೂ ಬೇಗ. ಆದ್ದರಿಂದ ಪೊಟ್ಟಣದ ಮೇಲೆ ಹುರಿದ ದಿನಾಂಕ ಇದೆಯೇ ನೋಡಿ. ರಿಯಾಯಿತಿಯ ಆಸೆಗೆ ಒಂದೇ ಸಲ ನಾಲ್ಕು ಪೊಟ್ಟಣ ತರಿಸಿ ಡಬ್ಬಿಯಲ್ಲಿ ಪೇರಿಸಿದರೆ ಉಳಿಸಿದ ಹಣಕ್ಕಿಂತ ಕಳೆದ ಪರಿಮಳವೇ ಹೆಚ್ಚು. ಇಡೀ ಬೀಜ ತರಿಸಿ ಆಗಾಗ ಪುಡಿ ಮಾಡಿಕೊಳ್ಳುವುದು ಒಳ್ಳೆಯದು. ಆದರೆ ಅದಕ್ಕೆ ಯಂತ್ರ ಬೇಕು, ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಪುಡಿಯನ್ನೇ ತರಿಸುವುದಾದರೆ ನಿಮ್ಮದು ನಮ್ಮ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್ ಎಂದು ತಿಳಿಸಿ. ಒರಟು ಪುಡಿ ಬಂದರೆ ನೀರು ಸರ್ರನೆ ಇಳಿದು ಸಪ್ಪೆ ಡಿಕಾಕ್ಷನ್ ಸಿಗುತ್ತದೆ, ಬೈಗುಳ ತೋಟದವನಿಗೆ.

ಇಷ್ಟಾಗಿಯೂ ಅವರ ಮೊದಲ ಅಳುಕು ನ್ಯಾಯವಾದುದೇ. ಆ ಮನೆಯಲ್ಲಿ ಮೂವರು ಕಾಫಿ ಕುಡಿಯುವವರು, ದಿನಕ್ಕೆ ಎರಡೆರಡು ಲೋಟ. ಲೋಟಕ್ಕೆ 10 ಗ್ರಾಂ ಎಂದರೆ ದಿನಕ್ಕೆ 60 ಗ್ರಾಂ, ತಿಂಗಳಿಗೆ 1 ಕೆಜಿ 800 ಗ್ರಾಂ. 450ರ ದರದಲ್ಲಿ ತಿಂಗಳಿಗೆ 3,240 ರೂಪಾಯಿ. ಒಬ್ಬರ ಸಂಬಳದಲ್ಲಿ ನಡೆಯುವ, ಮಗನ ಕಾಲೇಜು ಶುಲ್ಕ ಕಟ್ಟಬೇಕಾದ ಸಂಸಾರ ಅದು. ಮನೆಯವರ ಅನ್ನ, ಔಷಧಿ, ಓದಿನಿಂದ ತೆಗೆದು ಕಾಫಿಗೆ ಹಾಕುವುದನ್ನು ಯಾವ ನೀತಿಯೂ ಒಪ್ಪುವುದಿಲ್ಲ. ಕಡಿಮೆ ಬೆಲೆ ಹುಡುಕುವ ಬಡವನ ಮುಂದೆ ಬೆಳೆಗಾರನ ಕಷ್ಟ ಹೇಳಿ ಅವನನ್ನು ನಾಚಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಅದೇ ವಿನಾಯಿತಿಯನ್ನು ಸಾವಿರಗಟ್ಟಲೆ ರೂಪಾಯಿಯ ಮೊಬೈಲ್ ಹಿಡಿದು ಪೊಟ್ಟಣದ ಹತ್ತು ರೂಪಾಯಿಗೆ ಚೌಕಾಸಿ ಮಾಡುವವರು ಕೇಳಬಾರದು. ನಾನೂ ಕೇಳಬಾರದು.

ಇಲ್ಲಿ ನನ್ನ ಮನೆಯ ಮಾತನ್ನು ಹೇಳಬೇಕು.

ನನ್ನ ತಂದೆಯವರಿಗೆ ಎರಡು ಎಕರೆ ಕಾಫಿ ಇತ್ತು. ಅವರ ಕಾಲದ ಬೆಳೆಗಾರರು ಫಸಲನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಕೊಟ್ಟು ಕಂತಿನಲ್ಲಿ ಹಣ ಪಡೆಯುತ್ತಿದ್ದರು. ಹಣ ತಡವಾಗಿ ಬರುತ್ತದೆಂದು ಗೊಣಗುತ್ತಿದ್ದರು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಬಿಟ್ಟುಹೋಯಿತು. ಅಷ್ಟರಲ್ಲಿ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಏರಿತ್ತು, ನಮ್ಮ ಕಡೆ ಹೊಸ ಜೀಪುಗಳು ಓಡಾಡಿದವು. ಆದರೆ ಕಾಫಿ ಬೆಳೆಯುವ ಹಾಗೂ ಕೊಳ್ಳುವ ದೇಶಗಳ ನಡುವಿನ ಕೋಟಾ ಒಪ್ಪಂದ 1989ರಲ್ಲೇ ಮುರಿದುಬಿದ್ದಿತ್ತು. ವಿಯೆಟ್ನಾಂ ಹೇರಳವಾಗಿ ರೊಬಸ್ಟಾ ಬೆಳೆಯತೊಡಗಿತ್ತು. 2001ರ ಹೊತ್ತಿಗೆ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 50 ಸೆಂಟಿಗೂ ಕೆಳಗೆ ಇಳಿಯಿತು.

ಆ ವರ್ಷ ನಮ್ಮ ತೋಟದಲ್ಲಿ ನಾಲ್ವರು ಹೆಂಗಸರು ಹಣ್ಣು ಕುಯ್ದರು. ಕಾಫಿ ಕುಯ್ಲೆಂದರೆ ಸಾಮಾನ್ಯವಲ್ಲ. ಬೆಳಗಿನ ಇಬ್ಬನಿಯಲ್ಲಿ ಗಿಡದೊಳಗೆ ನುಗ್ಗಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಕೆಂಪು ಹಣ್ಣನ್ನಷ್ಟೇ ಆರಿಸಿ ಕೀಳಬೇಕು. ಕೆಂಜಿಗದ ಕಡಿತ ಬೇರೆ. ಕುಯ್ಲು ಮುಗಿಯಿತು, ಕಣದಲ್ಲಿ ಬೀಜ ಒಣಗಿತು, ಕೊಳ್ಳುವವರು ಹೇಳಿದ ಬೆಲೆಗೆ ಗೊಬ್ಬರದ ಸಾಲವೂ ತೀರುವಂತಿರಲಿಲ್ಲ. ತಂದೆಯವರು ಕೂಲಿಯ ಅರ್ಧವನ್ನಷ್ಟೇ ಕೊಟ್ಟು "ಮೂಟೆ ಹೋದ ಮೇಲೆ ಬನ್ನಿ" ಎಂದರು. ಮೂವರು ಊರಿನವರೇ, ಕೇಳುತ್ತಾ ಕೇಳುತ್ತಾ ವಸೂಲು ಮಾಡಿಕೊಂಡರು. ನಾಲ್ಕನೆಯವಳು ಹೊರಗಿನಿಂದ ಬಂದವಳು. ತಪಸ್ಸು ಕಾಲದ ಒಂದು ಸಂಜೆ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಳದಲ್ಲಿ ನಿಂತಳು. ನಾನು ಗುರುಮಠದಿಂದ ರಜೆಗೆ ಬಂದಿದ್ದೆ. ತಂದೆಯವರು ಮತ್ತೆ ಅದೇ ಮಾತು ಹೇಳಿದರು. ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಕೂಲಿಯವರ ತಡೆಹಿಡಿದ ಕೂಲಿ ದೇವರಿಗೆ ಕೂಗಿಕೊಳ್ಳುತ್ತದೆಂಬ ಸಂತ ಯಕೋಬರ ಪತ್ರದ ಭಾಗವನ್ನು ಅದೇ ವರ್ಷ ತರಗತಿಯಲ್ಲಿ ಓದಿದ್ದೆವು. ನಾನು ಬಾಯಿ ತೆರೆಯಲಿಲ್ಲ. ಮುಂದಿನ ವರ್ಷ ಹಣ ಕೈಗೆ ಬಂದಾಗ ತಂದೆಯವರು ಅವಳನ್ನು ವಿಚಾರಿಸಿದರು. ಅವಳು ಎಲ್ಲಿಗೆ ಹೋದಳೋ ತಿಳಿಯಲಿಲ್ಲ. ತಂದೆಯವರು ಕೊನೆಯವರೆಗೂ ಆ ಮಾತು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು.

ಅವರು ಕೆಟ್ಟವರಲ್ಲ. ದೂರದಲ್ಲಿ ಯಾರೋ ಕಾಫಿಗೆ ಬೆಲೆ ಇಳಿಸಿದರು, ಆ ಇಳಿತ ಮೆಟ್ಟಿಲು ಮೆಟ್ಟಿಲಾಗಿ ಬಂದು ನಮ್ಮ ಅಂಗಳದಲ್ಲಿ ನಿಂತವಳ ಮೇಲೆ ಬಿತ್ತು. ಅವಳಿಂದ ಕೆಳಗೆ ದಾಟಿಸಲು ಅವಳಿಗೆ ಯಾರೂ ಇರಲಿಲ್ಲ.

ಹಾಗಾದರೆ ಹೆಚ್ಚು ಬೆಲೆ ಕೊಟ್ಟರೆ ಅದು ಅವಳಿಗೆ ತಲುಪುತ್ತದೆಯೇ? ಇಲ್ಲಿ ನಾವು ಸುಲಭವಾಗಿ ಸಮಾಧಾನ ಮಾಡಿಕೊಳ್ಳಬಾರದು. ಅರೇಬಿಕಾದಲ್ಲಿ ಸುಮಾರು 5ರಿಂದ 6 ಕೆಜಿ ಹಣ್ಣಿಗೆ 1 ಕೆಜಿ ಹಸಿ ಬೀಜ ಸಿಗುತ್ತದೆ, ಹುರಿದಾಗ ಅದರ ತೂಕವೂ ಆರರಲ್ಲೊಂದು ಪಾಲಿನಷ್ಟು ಇಳಿಯುತ್ತದೆ. ನಿಮ್ಮ 250 ಗ್ರಾಮಿನ ಹಿಂದೆ ಒಂದೂವರೆ ಕೆಜಿಗೂ ಹೆಚ್ಚು ಹಣ್ಣು ಇದೆ. ಅನೇಕ ತೋಟಗಳಲ್ಲಿ ಕುಯ್ಲಿನ ಕೂಲಿ ಕೆಜಿ ಲೆಕ್ಕದಲ್ಲಿ. ಕೆಜಿಗೆ 5 ರೂಪಾಯಿ ಎಂದಿಟ್ಟುಕೊಳ್ಳಿ, 450 ರೂಪಾಯಿಯ ಪೊಟ್ಟಣದಲ್ಲಿ ಕುಯ್ದವಳ ಪಾಲು ಸುಮಾರು 8 ರೂಪಾಯಿ. ಕೊರಿಯರಿನವನಿಗೆ ಹೋಗುವುದು ಇದಕ್ಕಿಂತ ಎಷ್ಟೋ ಹೆಚ್ಚು. ಚೆಂದದ ಪೊಟ್ಟಣದ ಮೇಲೆ ಗುಡ್ಡ, ಮಂಜು, ನಗುವ ಹೆಂಗಸಿನ ಚಿತ್ರ ಇರುತ್ತದೆ. ಚಿತ್ರಕ್ಕೂ ಕೂಲಿಗೂ ಸಂಬಂಧ ಇರಲೇಬೇಕೆಂದಿಲ್ಲ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಮಾಡಿತು. ಬೆಲೆ ಇಳಿದಾಗ ಕೆಳಗಿನವರೆಗೆ ಇಳಿಯುವಷ್ಟು ಸರಾಗವಾಗಿ, ಏರಿದಾಗ ಏರಿದ್ದು ಕೆಳಗೆ ಹೋಗುವುದಿಲ್ಲ ಎಂಬುದು ನಾನು ಕಂಡ ಸತ್ಯ.

ನ್ಯಾಯವಾದ ಕೂಲಿ ಎಂಬುದು ಇಬ್ಬರ ಒಪ್ಪಿಗೆಯಿಂದ ಮಾತ್ರ ನಿಶ್ಚಯವಾಗುವುದಿಲ್ಲ, ಹಸಿವಿಗೆ ಹೆದರಿ ಒಪ್ಪಿದ್ದು ನಿಜವಾದ ಒಪ್ಪಿಗೆಯಲ್ಲ ಎಂದು ಜಗದ್ಗುರು ಹದಿಮೂರನೇ ಲಿಯೋ 1891ರಲ್ಲೇ ಬೋಧಿಸಿದರು. ಕೊಳ್ಳುವುದು ಕೂಡ ನೈತಿಕ ಕ್ರಿಯೆಯೇ ಎಂದು ಹದಿನಾರನೇ ಬೆನೆಡಿಕ್ಟ್ ಜಗದ್ಗುರುಗಳು 2009ರಲ್ಲಿ ನೆನಪಿಸಿದರು. ಅಕ್ವಿನಾಸರಲ್ಲೇ ಇನ್ನೊಂದು ಸೂಕ್ಷ್ಮ ಮಾತಿದೆ. ಪರೀಕ್ಷೆಯಲ್ಲಿ ಯಾರೂ ಕೇಳದ ಮಾತು. ಕೊಂಡ ವಸ್ತುವಿನಿಂದ ಬಹಳ ಉಪಕಾರ ಪಡೆದವನು ತಾನಾಗಿಯೇ ಮಾರಿದವನಿಗೆ ಸ್ವಲ್ಪ ಹೆಚ್ಚು ಕೊಡಬಹುದು, ಅದು ಅವನ ಸಜ್ಜನಿಕೆ ಎನ್ನುತ್ತಾರೆ. ಕಾನೂನು ಅದನ್ನು ಕೇಳುವುದಿಲ್ಲ. ಬೆಳಗಿನ ಲೋಟದಿಂದ ಪಡೆಯುವ ಉಪಕಾರ ಎಷ್ಟೆಂದು ನಿಮಗೇ ಗೊತ್ತು.

ಚಂದಾ ಪದ್ಧತಿಗೆ ಇಲ್ಲೊಂದು ಒಳ್ಳೆಯ ಗುಣವಿದೆ. ಮುಂದಿನ ಆರು ತಿಂಗಳು ಇಷ್ಟು ಮನೆಗಳು ಕೊಳ್ಳುತ್ತವೆ ಎಂದು ಗೊತ್ತಿರುವ ಹುರಿಯುವವನು, ಮನಸ್ಸು ಮಾಡಿದರೆ, ಬೆಳೆಗಾರನಿಗೆ ಮೊದಲೇ ಮಾತು ಕೊಡಬಹುದು. ನನ್ನ ತಂದೆಯವರಿಗೆ ಅಂಥ ಮಾತು ಕೊಡುವವರು ಒಬ್ಬರಿದ್ದಿದ್ದರೆ! ಕೆಲವು ಹುರಿಯುವವರು ಯಾವ ತೋಟದ ಬೀಜ, ಬೆಳೆಗಾರನಿಗೆ ಎಷ್ಟು ಕೊಟ್ಟೆವು ಎಂದು ಬಹಿರಂಗವಾಗಿ ತಿಳಿಸುತ್ತಾರೆ. ಕೆಟ್ಟ ಗುಣವೂ ಒಂದಿದೆ: ಬೇಕೋ ಬೇಡವೋ, ಹಣ ತಾನಾಗಿ ಖಾತೆಯಿಂದ ಹೋಗುತ್ತಿರುತ್ತದೆ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಂತು ಕಡಿತಗೊಳ್ಳುವ 24 ಗಂಟೆ ಮೊದಲೇ ಬ್ಯಾಂಕು ಸೂಚನೆ ಕಳಿಸಬೇಕು. ಆ ಸೂಚನೆಯನ್ನು ಓದದೆ ಅಳಿಸಬೇಡಿ. ಮನೆಯಲ್ಲಿ ಪುಡಿ ಉಳಿದಿದ್ದರೆ ಒಂದು ಸರದಿ ನಿಲ್ಲಿಸುವ ಸೌಲಭ್ಯ ಇದೆಯೇ ಎಂದು ಚಂದಾ ಕಟ್ಟುವ ಮೊದಲೇ ನೋಡಿ, ಮೊದಲು ಒಂದೇ ಪೊಟ್ಟಣ ತರಿಸಿ ರುಚಿ ನೋಡಿ, ವರ್ಷಕ್ಕೆ ಕಟ್ಟಿಸಿಕೊಳ್ಳುವ ರಿಯಾಯಿತಿಗೆ ಮರುಳಾಗಬೇಡಿ.

ಆ ತಾಯಿ ಕೊನೆಗೆ ಏನು ಮಾಡಿದರು ಎಂದು ಕೇಳುತ್ತೀರಿ. ತಿಂಗಳಿಗೆ ಎರಡೇ ಪೊಟ್ಟಣದ ಚಂದಾ ಇಟ್ಟುಕೊಂಡರು. ಅದು ಬೆಳಗಿನ ಕಾಫಿಗೆ, ಅದೂ ಅಳೆದು. ಉಳಿದದ್ದಕ್ಕೆ ಪೇಟೆಬೀದಿಯ ಪುಡಿ ಅಂಗಡಿ. ಅಲ್ಲಿ ಎದುರಿಗೇ ಹುರಿದು, ಕೇಳಿದಷ್ಟೇ ಚಿಕೋರಿ ಹಾಕಿ ಬೀಸಿಕೊಡುತ್ತಾರೆ. ಸಂಜೆಯ ಎರಡನೇ ಲೋಟ ಅತ್ತೆಯವರಿಗೆ ಮಾತ್ರ ಉಳಿದಿದೆಯಂತೆ.

ಚಂದಾ ಕಟ್ಟುವ ಮೊದಲು ಅವರು ಇಬ್ಬರು ಮಾರಾಟಗಾರರಿಗೂ ಒಂದೇ ಪ್ರಶ್ನೆ ಬರೆದು ಕಳಿಸಿದರು: ಬೆಳೆದವರಿಗೆ ಎಷ್ಟು ಕೊಡುತ್ತೀರಿ, ಕುಯ್ದವರಿಗೆ ಎಷ್ಟು ಸಿಗುತ್ತದೆ? 280 ರೂಪಾಯಿಯವರಿಂದ ಶೇಕಡಾ 10 ರಿಯಾಯಿತಿಯ ಕೂಪನ್ ಬಂತು. 450 ರೂಪಾಯಿಯವರು ತೋಟದ ಹೆಸರನ್ನೂ ಕೆಜಿಗೆ ತಾವು ಕೊಟ್ಟ ಬೆಲೆಯನ್ನೂ ಬರೆದರು. ಕೂಲಿಯ ವಿಷಯ ತಮಗೆ ತಿಳಿಯದು, ತೋಟದವರನ್ನೇ ಕೇಳಬೇಕು ಎಂದು ಫೋನ್ ನಂಬರ್ ಕೊಟ್ಟರು.

"ನೀವೇ ಮಾತಾಡಿ ಫಾದರ್, ನಿಮ್ಮ ಕಡೆಯವರು" ಎಂದು ಆ ಚೀಟಿಯನ್ನು ನನಗೆ ತಂದುಕೊಟ್ಟಿದ್ದಾರೆ. ತೋಟದ ಮನೆಗೆ ಫೋನ್ ಮಾಡಿ ಕೂಲಿ ಎಷ್ಟು ಕೊಡುತ್ತೀರಿ ಎಂದು ಕೇಳುವುದು ನನಗೆ ಸುಲಭವಲ್ಲ. ಎರಡು ಸಲ ಮುಂದೂಡಿದ್ದೇನೆ. ಈ ವಾರ ಮಾಡಬೇಕು.