ಅಡಿಕೆಗೆ ಹೋದ ಮಾನ

(ಸಾಗರದ ಕಡೆಯ ಒಂದು ಮನೆಯಂಗಳ. ಅಡಿಕೆ ಸುಲಿತದ ರಾತ್ರಿ. ಮೆಟ್ಟುಗತ್ತಿಯ ಮುಂದೆ ಕೂತವರ ಮಾತು.)

ಮಗಳು: ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಅಂತೀಯಲ್ಲ ಅಪ್ಪ, ಅಡಿಕೆ ಅಷ್ಟು ಸಣ್ಣದೇ? ನಮ್ಮ ಅನ್ನವೇ ಅದು.

ಅಪ್ಪ: ಮಂಡಿಗೆ ಹೋಗುವ ರಾಶಿ ಸಣ್ಣದಲ್ಲ. ಗಾದೆ ಹೇಳೋದು ಒಂದೇ ಒಂದು ಅಡಿಕೆಯ ಮಾತು. ವೀಳ್ಯದ ತಟ್ಟೆಯಲ್ಲಿ ಅದನ್ನಿಟ್ಟು ಮದುವೆ ನಿಶ್ಚಯ ಮಾಡ್ತೇವೆ, ಮಾತು ಕೊಡ್ತೇವೆ. ಆ ಮಾತು ಮುರಿದವನಿಗೆ ಇಕ್ಕೇರಿ, ಬಿದನೂರಿನಿಂದ ಆಳಿದ ಕೆಳದಿಯ ಅರಸರು ಆನೆಯನ್ನೇ ಕೊಟ್ಟಾರು. ಊರಿನ ನಂಬಿಕೆಯನ್ನು ಎಲ್ಲಿಂದ ತಂದುಕೊಟ್ಟಾರು?

ಸುಲಿಯುವಾಕೆ: ನಾವು ಈ ಗಾದೆ ಕೇಳಿದ್ದು ಬೇರೆ ಥರ, ಹೆಗಡೇರೆ. ಸುಲಿದು ಏಳುವಾಗ ಮಡಿಲು ಕೊಡವಿ ತೋರಿಸಬೇಕಿತ್ತು. ಸೆರಗಿನ ಮಡಿಕೆಯಲ್ಲಿ ಒಂದು ಕಾಯಿ ಸಿಕ್ಕಿಕೊಂಡಿದ್ದಕ್ಕೆ ನಮ್ಮವ್ವ ಕಳ್ಳಿಯಾದಳು. ಅಳೆಯೋರ ಮಡಿಲು ಯಾರು ನೋಡಿದ್ರು?

ಅಪ್ಪ: ಅಳೆಯೋರು ಅಂದ್ರೆ?

ಸುಲಿಯುವಾಕೆ: ಕೊಳಗ ಹಿಡಿದೋರು.

ಮಗಳು: 1951ರಲ್ಲಿ ಕಾಗೋಡಿನ ಗೇಣಿದಾರರು ತಿರುಗಿಬಿದ್ದದ್ದು ಅದಕ್ಕೇ ಅಲ್ವಾ! ಗೇಣಿ ಭತ್ತ ಅಳೆಯಲು ಒಡೆಯರು ಇಟ್ಟುಕೊಂಡದ್ದು ಅಳತೆ ಮೀರಿದ ಕೊಳಗ. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಸೆರೆಯಾದರು.

ಅಪ್ಪ: ಕೊಳಗಕ್ಕೆ ಎಷ್ಟು ಭತ್ತ ಹೆಚ್ಚು ಸಿಕ್ಕೀತು ಪಾಪ...

ಸುಲಿಯುವಾಕೆ: ಒಂದು ಕಾಯಿಗಿಂತ ಹೆಚ್ಚೇ.

ಮಗಳು: ಮಡಿಲಿನ ಕಾಯಿ ಕಳವಾಗಿ ಕಂಡಿತು, ಕೊಳಗದ ಭತ್ತ ಪದ್ಧತಿಯಾಗಿ ಕಂಡಿತು. ಮಾನದ ಲೆಕ್ಕ ಇಡೋರೇ ಅಳೆಯೋರೂ ಆಗಿದ್ದರೆ ಹಾಗೇ ಆಗೋದು. ಈ ಗಾದೆಯನ್ನು ಮೊದಲು ಅವರಿಗೆ ಹೇಳಬೇಕಿತ್ತು.

ಅಪ್ಪ: ಒಪ್ಪಿದೆ. ಆದರೆ ಹೋದದ್ದು ಬರಲೇ ಇಲ್ಲ ಅಂತಲೂ ಹೇಳೋ ಹಾಗಿಲ್ಲ. 1974ರ ಭೂಸುಧಾರಣೆ ಕಾಯಿದೆಯಲ್ಲಿ ಗೇಣಿದಾರನೇ ಹೊಲದೊಡೆಯನಾದ.

ಸುಲಿಯುವಾಕೆ: ಭೂಮಿ ಬಂತು, ನಮಗೂ ಬಂತು. ಅದು ಆನೆಯೇ, ಸಣ್ಣದು ಅನ್ನೋದಿಲ್ಲ. ಅವ್ವನ್ನ ಕಳ್ಳಿ ಅಂದೋರು ಮಾತ್ರ ‘ಅವಳು ಕಳ್ಳಿ ಅಲ್ಲ’ ಅಂದದ್ದು ನಾ ಕೇಳಿಲ್ಲ.

ಅಪ್ಪ: ಅವರ ಮಕ್ಕಳು ಈಗ ಬಂದು ಹೇಳಿದರೆ? ಅವ್ವ ಇಲ್ಲವಲ್ಲ.

ಸುಲಿಯುವಾಕೆ: ನಾನಿದ್ದೀನಿ, ಊರಿದೆ. ಮನೆಗೆ ಬಂದು ಮೆಲ್ಲಗೆ ಹೇಳಿದ್ರೆ ಆಗೋದಿಲ್ಲ ಹೆಗಡೇರೆ. ಅಂದದ್ದು ನಾಲ್ಕು ಜನರ ಎದುರಿಗೆ.